ಸ್ವಂತ ಪ್ರಾಜೆಕ್ಟ್ ಅರ್ಧಕ್ಕೆ ನಿಲ್ಲದಂತೆ ಕಟ್ಟುವುದು ಹೇಗೆ?

"ಹಗಲೆಲ್ಲ ಕಂಪನಿಯ ಕೋಡ್ ಬರೆಯುತ್ತೇನೆ. ನನ್ನದೇ ಅಂತ ಏನಾದರೂ ಮಾಡಬೇಕು ಅನ್ನಿಸುತ್ತದೆ. ಆದರೆ ಶುರು ಮಾಡಿದ್ದೆಲ್ಲ ಅರ್ಧಕ್ಕೇ ನಿಲ್ಲುತ್ತದೆ, ಏನು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಈಗಷ್ಟೇ ಕಲಿಯುತ್ತಿರುವವರೂ ಇದ್ದಾರೆ, ವರ್ಷಗಟ್ಟಲೆ ಅನುಭವ ಇರುವವರೂ ಇದ್ದಾರೆ. ಕೋಡ್ ಬರೆಯಲು ಬಾರದೆ ನಿಂತುಹೋದ ಪ್ರಾಜೆಕ್ಟ್‌ಗಳನ್ನು ನಾನು ನೋಡಿದ್ದು ಕಡಿಮೆ. ನಿಲ್ಲುವುದು ಬಹುಪಾಲು ಎರಡು ಕಾರಣಕ್ಕೆ. ಒಂದು, ಹಿಡಿದ ಕೆಲಸ ಒಬ್ಬರ ಕೈಗೆ ಮೀರಿದ್ದು. ಇನ್ನೊಂದು, ವಾರಗಟ್ಟಲೆ ಬರೆದರೂ ಓಡಿಸಿ ನೋಡುವಂಥದ್ದೇನೂ ಸಿಗದೇ ಇರುವುದು. ಕೆಳಗಿನ ಹಂತಗಳ ಕ್ರಮವನ್ನು ಈ ಎರಡನ್ನೂ ತಪ್ಪಿಸುವ ಹಾಗೆ ಜೋಡಿಸಿದ್ದೇನೆ.

ಉದಾಹರಣೆಗೆ ಒಂದೇ ಕೆಲಸವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: ಕಂಪ್ಯೂಟರ್‌ನಲ್ಲಿ ತುಂಬಿಕೊಂಡಿರುವ ಫೋಟೊಗಳಲ್ಲಿ ಎರಡೆರಡು ಸಲ ಕೂತಿರುವ ನಕಲುಗಳನ್ನು ಹುಡುಕಿಕೊಡುವ ಒಂದು ಪುಟ್ಟ ಟೂಲ್.

ಮೊದಲು ಕೈಯಲ್ಲಿರಬೇಕಾದ್ದು

ಪಟ್ಟಿ ದೊಡ್ಡದಲ್ಲ. ಕೈ ಪಳಗಿರುವ ಒಂದು ಪ್ರೋಗ್ರಾಮಿಂಗ್ ಭಾಷೆ, ಒಂದು ಎಡಿಟರ್, ಗಿಟ್, ಮತ್ತು ವಾರದಲ್ಲಿ ಎರಡು ಮೂರು ಸಲ ಯಾರೂ ಕರೆಯದ ಒಂದು ಗಂಟೆ. ಗಿಟ್ ಎಂದರೆ ಕೋಡ್‌ನಲ್ಲಾದ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್. ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಗಿಟ್‌ಹಬ್ ಬೇರೆ. ಅದು ಗಿಟ್ ರೆಪೊಗಳನ್ನು, ಅಂದರೆ ಕೋಡ್ ಮತ್ತು ಅದರ ಇತಿಹಾಸ ಇರುವ ಫೋಲ್ಡರ್‌ಗಳನ್ನು, ಇಂಟರ್ನೆಟ್‌ನಲ್ಲಿ ಇಡಲು 2008ರಲ್ಲಿ ಬಂದ ತಾಣ. ಎರಡೂ ಒಂದೇ ಅಂದುಕೊಂಡು, ಖಾತೆ ತೆರೆಯುವವರೆಗೆ ಗಿಟ್ ಬಳಸುವುದನ್ನೇ ಮುಂದೂಡುವವರಿದ್ದಾರೆ. ಖಾತೆ ಇಲ್ಲದೆಯೂ, ನೆಟ್ ಇಲ್ಲದೆಯೂ ಗಿಟ್ ನಿಮ್ಮ ಯಂತ್ರದಲ್ಲಿ ಕೆಲಸ ಮಾಡುತ್ತದೆ.

ನೌಕರಿಯಲ್ಲಿದ್ದೀರಾ? ಹಾಗಾದರೆ ಒಂದು ಸಾಲು ಕೋಡ್ ಬರೆಯುವ ಮೊದಲು ಸೇರುವಾಗ ಸಹಿ ಹಾಕಿದ ಕರಾರುಪತ್ರ ತೆಗೆದು ಓದಿ. ಬೌದ್ಧಿಕ ಆಸ್ತಿ ಅನ್ನುವ ಕಲಮು ಸಾಮಾನ್ಯವಾಗಿ ಇರುತ್ತದೆ. ಬಿಡುವಿನ ವೇಳೆಯಲ್ಲಿ ಬರೆದದ್ದೂ ಕಂಪನಿಯದೇ ಎಂದು ಕೆಲವು ಕರಾರುಗಳು ಹೇಳುತ್ತವೆ, ಕೆಲವು ಮೊದಲೇ ತಿಳಿಸಿದರೆ ಸಾಕು ಎನ್ನುತ್ತವೆ. ಏನೇ ಇರಲಿ, ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್, ಆಫೀಸಿನ ಸಮಯ, ಈ ಮೂರನ್ನೂ ಸ್ವಂತ ಪ್ರಾಜೆಕ್ಟ್‌ಗೆ ಮುಟ್ಟಬೇಡಿ. ಕಂಪನಿಯ ಕೋಡ್‌ನಿಂದ ಒಂದು ಫಂಕ್ಷನ್ ಕೂಡ ಎತ್ತಿಕೊಂಡು ಬರಬೇಡಿ.

1. ನಿಮಗೇ ಕಿರಿಕಿರಿ ಆಗುತ್ತಿರುವ ಕೆಲಸವನ್ನು ಆರಿಸಿ

"ಜನರಿಗೆ ಉಪಯೋಗ ಆಗುವಂಥದ್ದು" ಎಂದು ಹೊರಟರೆ ಆ ಜನ ಯಾರು ಅನ್ನುವುದೇ ಗೊತ್ತಾಗುವುದಿಲ್ಲ. ಬಳಸುವವರು ನೀವೇ ಆಗಿದ್ದರೆ ಏನು ಬೇಕು, ಏನು ಬೇಡ ಎಂದು ಯಾರನ್ನೂ ಕೇಳಬೇಕಿಲ್ಲ. ಪದೇ ಪದೇ ಕೈಯಿಂದ ಮಾಡುತ್ತಿರುವ ಬೇಸರದ ಕೆಲಸ ಯಾವುದು ನೋಡಿ. ಫೈಲ್‌ಗಳ ಹೆಸರು ಬದಲಿಸುವುದು, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅಂಕಿಗಳನ್ನು ನಕಲು ಮಾಡುವುದು, ಯಾವುದೋ ಪುಟ ಬದಲಾಯಿತೇ ಎಂದು ದಿನಾ ತೆರೆದು ನೋಡುವುದು, ಯಾವುದಾದರೂ ಸರಿ.

ಆರಿಸಿದ ಮೇಲೆ ಒಂದು ಪರೀಕ್ಷೆ. ಲಾಗಿನ್ ಬೇಕೇ? ಹಣದ ವ್ಯವಹಾರ ಇದೆಯೇ? ಬೇರೆಯವರ ಮಾಹಿತಿ ನಿಮ್ಮ ಸರ್ವರ್‌ನಲ್ಲಿ ಕೂರಬೇಕೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಮೊದಲ ಪ್ರಾಜೆಕ್ಟ್‌ಗೆ ಅದು ಬೇಡ. ಇಂಥವು ಬೇಡುವುದು ಕೋಡ್ ಒಂದನ್ನೇ ಅಲ್ಲ, ಮುಂದೆ ವರ್ಷಗಟ್ಟಲೆ ಕಾವಲನ್ನು.

2. ರೀಡ್‌ಮಿ ಮೊದಲು, ಕೋಡ್ ಆಮೇಲೆ

ರೀಡ್‌ಮಿ ಎಂದರೆ ಪ್ರಾಜೆಕ್ಟ್ ಏನು, ಬಳಸುವುದು ಹೇಗೆ ಎಂದು ಹೇಳುವ, ಫೋಲ್ಡರ್‌ನ ಬಾಗಿಲಲ್ಲೇ ಇಡುವ ಪುಟ. ಅದನ್ನು ಕೊನೆಯಲ್ಲಿ ಬರೆಯುವುದು ರೂಢಿ. ನೀವು ಮೊದಲೇ ಬರೆಯಿರಿ, ಟೂಲ್ ಆಗಲೇ ಸಿದ್ಧವಾಗಿದೆ ಎನ್ನುವ ಹಾಗೆ. ನಮ್ಮ ಉದಾಹರಣೆಗೆ ಇಷ್ಟು ಸಾಕು:

"ಒಂದು ಫೋಲ್ಡರ್‌ನ ಹೆಸರು ಕೊಡಿ. ಅದರೊಳಗಿನ ಫೈಲ್‌ಗಳಲ್ಲಿ ಬೈಟ್ ಬೈಟ್‌ಗೂ ಒಂದೇ ಆಗಿರುವವನ್ನು ಗುಂಪು ಮಾಡಿ ತೋರಿಸುತ್ತದೆ. ತಾನಾಗಿ ಯಾವುದನ್ನೂ ಅಳಿಸುವುದಿಲ್ಲ."

ಇದರ ಕೆಳಗೇ "ಇದು ಮಾಡದೇ ಇರುವುದು" ಎಂದು ಇನ್ನೊಂದು ಪಟ್ಟಿ ಹಾಕಿ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟ್‌ನಲ್ಲಿ ಅತಿ ಮುಖ್ಯವಾದ ಬರಹ ಇದೇ. ನಮ್ಮ ಟೂಲ್ ನೋಡಲು ಒಂದೇ ಥರ ಇರುವ ಫೋಟೊಗಳನ್ನು ಹುಡುಕುವುದಿಲ್ಲ, ಪೂರ್ತಿ ಒಂದೇ ಆಗಿರುವ ಫೈಲ್‌ಗಳನ್ನು ಮಾತ್ರ ಹುಡುಕುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಫೋಟೊ ಸಾಮಾನ್ಯವಾಗಿ ಕುಗ್ಗಿ ಬರುತ್ತದೆ. ಕಣ್ಣಿಗೆ ಅದೇ ಚಿತ್ರ, ಒಳಗಿನ ಬೈಟ್‌ಗಳೇ ಬೇರೆ. ಅದನ್ನೂ ಹಿಡಿಯಬೇಕು ಎಂದು ಹೊರಟರೆ ಅದು ಬೇರೆಯದೇ ಸಮಸ್ಯೆ, ಎಷ್ಟು ಹೋಲಿದರೆ ಒಂದೇ ಎನ್ನಬೇಕು ಎಂಬ ಕೊನೆಯಿಲ್ಲದ ಚರ್ಚೆ. ಹಾಗೆಯೇ ಕಿಟಕಿ, ಬಟನ್ ಇರುವ ಆವೃತ್ತಿ ಇಲ್ಲ. ಮೊಬೈಲ್ ಆ್ಯಪ್ ಇಲ್ಲ. ಕ್ಲೌಡ್ ಇಲ್ಲ.

ಮಧ್ಯರಾತ್ರಿ ಹೊಳೆಯುವ ಹೊಸ ಐಡಿಯಾಗಳನ್ನು ತಳ್ಳಿಹಾಕಬೇಡಿ. "ಆಮೇಲೆ" ಎಂಬ ಫೈಲ್ ಮಾಡಿ ಅದರಲ್ಲಿ ಗೀಚಿಟ್ಟು ಮಲಗಿ. ಮೊದಲ ಆವೃತ್ತಿ ಹೊರಬರುವವರೆಗೆ ಆ ಫೈಲ್‌ನಿಂದ ಏನೂ ಕೋಡ್‌ಗೆ ಹೋಗಬಾರದು.

3. ಹೊಸದು ಒಂದೇ ಇರಲಿ

ಹೊಸ ಭಾಷೆ, ಹೊಸ ಫ್ರೇಮ್‌ವರ್ಕ್, ಹೊಸ ಡೇಟಾಬೇಸ್, ಹೊಸ ಸಮಸ್ಯೆ ಎಲ್ಲ ಒಟ್ಟಿಗೆ ಹಿಡಿದರೆ ಏನೋ ಕೆಟ್ಟಾಗ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆ ಮುಗಿಯುತ್ತದೆ. ಸಮಸ್ಯೆ ಹೊಸದಾದರೆ ಉಪಕರಣ ಹಳೆಯದಿರಲಿ. ಹೊಸ ಭಾಷೆ ಕಲಿಯುವುದೇ ಉದ್ದೇಶವಾದರೆ, ಒಮ್ಮೆ ಬರೆದಿರುವ ಟೂಲನ್ನೇ ಆ ಭಾಷೆಯಲ್ಲಿ ಇನ್ನೊಮ್ಮೆ ಬರೆಯಿರಿ. "ಯಾವ ಭಾಷೆ ಒಳ್ಳೆಯದು" ಎಂದು ವಾರಗಟ್ಟಲೆ ವಿಡಿಯೊ ನೋಡುವುದೂ ಪ್ರಾಜೆಕ್ಟ್ ಮುಂದೂಡುವ ಒಂದು ವಿಧಾನ, ಅಷ್ಟೇ.

4. ಮೊದಲ ದಿನವೇ ಗಿಟ್

ಫೋಲ್ಡರ್ ಮಾಡಿ, ಗಿಟ್ ಇನಿಟ್ (ಆ ಫೋಲ್ಡರ್‌ನಲ್ಲಿ ಗಿಟ್ ಶುರು ಮಾಡುವ ಆದೇಶ) ಕೊಟ್ಟು, ರೀಡ್‌ಮಿಯನ್ನು ಮೊದಲ ಕಮಿಟ್ ಮಾಡಿ. ಕಮಿಟ್ ಎಂದರೆ ಆ ಕ್ಷಣದಲ್ಲಿ ಕೋಡ್ ಹೇಗಿತ್ತು ಎಂಬುದಕ್ಕೆ ಒಂದು ಟಿಪ್ಪಣಿ ಹಚ್ಚಿ ಇಡುವ ದಾಖಲೆ. ಒಂದು ಕಮಿಟ್‌ನಲ್ಲಿ ಒಂದೇ ವಿಷಯ ಇರಲಿ. ಟಿಪ್ಪಣಿಯಲ್ಲಿ ಏನು ಬದಲಾಯಿತು ಎನ್ನುವುದಕ್ಕಿಂತ ಯಾಕೆ ಎಂದು ಬರೆಯಿರಿ, ಏನು ಬದಲಾಯಿತೆಂದು ಗಿಟ್ ತಾನೇ ತೋರಿಸುತ್ತದೆ. "ಚೇಂಜಸ್", "ಫೈನಲ್", "ಫೈನಲ್ 2" ಎಂಬ ಟಿಪ್ಪಣಿಗಳು ಮೂರು ತಿಂಗಳ ನಂತರ ಯಾವ ಉಪಯೋಗಕ್ಕೂ ಬರುವುದಿಲ್ಲ. "ಖಾಲಿ ಫೈಲ್‌ಗಳನ್ನು ಲೆಕ್ಕದಿಂದ ಬಿಟ್ಟಿದೆ, ಎಲ್ಲದರ ಹ್ಯಾಶ್ ಒಂದೇ ಬರುತ್ತಿತ್ತು" ಎಂದಿದ್ದರೆ ಆ ಸಾಲು ಯಾಕಿದೆ ಎಂದು ನಿಮಗೂ ತಿಳಿಯುತ್ತದೆ, ಬೇರೆಯವರಿಗೂ ತಿಳಿಯುತ್ತದೆ. (ಹ್ಯಾಶ್ ಎಂದರೆ ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು, ವಿವರ ಆರನೆಯ ಹಂತದಲ್ಲಿದೆ.)

ಎಚ್ಚರಿಕೆ: ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ) ಮುಂತಾದವನ್ನು ಕೋಡ್‌ನೊಳಗೆ ಬರೆಯಬೇಡಿ. ಅವು ಪ್ರತ್ಯೇಕ ಫೈಲ್‌ನಲ್ಲಿರಲಿ, ಆ ಫೈಲ್‌ನ ಹೆಸರು ಗಿಟ್‌ಇಗ್ನೋರ್ ಪಟ್ಟಿಯಲ್ಲಿರಲಿ, ಅಂದರೆ ಗಿಟ್ ಮುಟ್ಟಬಾರದ ಫೈಲ್‌ಗಳ ಪಟ್ಟಿಯಲ್ಲಿ. ತಪ್ಪಿ ಕಮಿಟ್ ಆಗಿ ಹೊರಗೆ ಹೋದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಸಾರ್ವಜನಿಕ ರೆಪೊಗಳಲ್ಲಿ ಕೀಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಮ್‌ಗಳಿವೆ. ಮೊದಲು ಮಾಡಬೇಕಾದ್ದು ಆ ಕೀಯನ್ನು ರದ್ದು ಮಾಡಿ ಹೊಸದು ಪಡೆಯುವುದು. ಇತಿಹಾಸ ತೊಳೆಯುವ ಕೆಲಸ ಆಮೇಲೆ.

5. ಈ ತುದಿಯಿಂದ ಆ ತುದಿಗೆ ಓಡುವ ಅಸ್ಥಿಪಂಜರ

ಮೊದಲ ಸಂಜೆಯ ಗುರಿ ಇಷ್ಟೇ: ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಫೋಲ್ಡರ್‌ನ ಹೆಸರು ಕೊಟ್ಟರೆ ಒಳಗಿರುವ ಫೈಲ್‌ಗಳ ಸಂಖ್ಯೆ ಮುದ್ರಿಸಬೇಕು. ನಕಲು ಹುಡುಕುವ ಬುದ್ಧಿ ಇನ್ನೂ ಅದಕ್ಕಿಲ್ಲ. ಆದರೆ ಒಳಕ್ಕೆ ಮಾಹಿತಿ ಹೋಗುತ್ತಿದೆ, ಹೊರಕ್ಕೆ ಉತ್ತರ ಬರುತ್ತಿದೆ. ಎರಡನೆಯ ಸಲ ಕೂತಾಗ ಒಂದೇ ಗಾತ್ರದ ಫೈಲ್‌ಗಳನ್ನು ಗುಂಪು ಮಾಡಿ ತೋರಿಸಲಿ. ಮೂರನೆಯ ಸಲ ಹ್ಯಾಶ್. ಪ್ರತಿ ಸಲ ಏಳುವಾಗಲೂ ಓಡುವ ಟೂಲ್ ಒಂದು ಕೈಯಲ್ಲಿರುತ್ತದೆ.

ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಚಂದದ ಕ್ಲಾಸ್‌ಗಳು, ಆಮೇಲೆ ಸೆಟ್ಟಿಂಗ್ಸ್ ಓದುವ ವ್ಯವಸ್ಥೆ, ಮುಂದೆಂದೋ ಬೇಕಾಗಬಹುದು ಅಂತ ಪ್ಲಗಿನ್‌ಗೆ (ಆಮೇಲೆ ಜೋಡಿಸುವ ಹೆಚ್ಚುವರಿ ತುಂಡು) ಜಾಗ. ತಿಂಗಳಾದರೂ ಒಂದು ನಕಲೂ ಸಿಕ್ಕಿರುವುದಿಲ್ಲ. ಆಫೀಸಿನ ದೊಡ್ಡ ಕೋಡ್‌ಬೇಸ್‌ನ ಅಭ್ಯಾಸ ಇಲ್ಲಿಗೆ ಬರುವುದು ಹೀಗೆ. ಒಂದೇ ಫೈಲ್‌ನಲ್ಲಿ ಮುನ್ನೂರು ಸಾಲಾದರೆ ಆಗಲಿ ಬಿಡಿ. ಒಂದೇ ಥರದ ಕೋಡ್ ಮೂರನೆಯ ಸಲ ಬರೆಯಬೇಕಾಗಿ ಬಂದಾಗ ಒಡೆದು ಬೇರೆ ಮಾಡಿದರೆ ಸಾಕು.

6. ಒಳಗಿನ ಕೆಲಸ: ಇಲ್ಲಿ ಸಮಯ ಕೊಡಿ

ಯಾವುದೇ ಪ್ರಾಜೆಕ್ಟ್‌ನಲ್ಲಿ ನಿಜವಾಗಿ ಯೋಚನೆ ಬೇಡುವ ಜಾಗ ಒಂದೋ ಎರಡೋ ಇರುತ್ತವೆ. ನಮ್ಮದರಲ್ಲಿ ಅದು ಫೈಲ್‌ಗಳ ಹೋಲಿಕೆ.

ಪ್ರತಿ ಫೈಲನ್ನೂ ಉಳಿದ ಪ್ರತಿ ಫೈಲ್ ಜೊತೆ ಹೋಲಿಸುವುದು ಮೊದಲಿಗೆ ಹೊಳೆಯುವ ದಾರಿ. 10,000 ಫೈಲ್‌ಗಳಿದ್ದರೆ ಅದು ಹತ್ತಿರ ಹತ್ತಿರ 5 ಕೋಟಿ ಹೋಲಿಕೆ. ಅದರ ಬದಲು ಗಾತ್ರ ನೋಡಿ. ಗಾತ್ರ ಬೇರೆಯಾದರೆ ಒಳಗಿನದು ಒಂದೇ ಆಗಿರಲು ಸಾಧ್ಯವೇ ಇಲ್ಲ, ಗಾತ್ರ ತಿಳಿಯಲು ಫೈಲ್ ತೆರೆಯಬೇಕಾಗಿಯೂ ಇಲ್ಲ. ಗಾತ್ರ ಒಂದೇ ಇರುವವುಗಳಿಗೆ ಮಾತ್ರ ಹ್ಯಾಶ್ ತೆಗೆಯಿರಿ. ಹ್ಯಾಶ್ ಎಂದರೆ ಫೈಲ್‌ನ ಇಡೀ ಒಳಹೂರಣದಿಂದ ಲೆಕ್ಕ ಹಾಕಿದ, ನಿಗದಿತ ಉದ್ದದ ಒಂದು ಗುರುತು. ಒಂದು ಬೈಟ್ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಬಳಸಿ, ಬಹುತೇಕ ಭಾಷೆಗಳ ಲೈಬ್ರರಿಯಲ್ಲಿ, ಅಂದರೆ ಬರೆದಿಟ್ಟ ಕೋಡ್‌ನ ಸಂಗ್ರಹದಲ್ಲಿ, ಸಿದ್ಧವಾಗಿ ಸಿಗುತ್ತದೆ. ಹಳೆಯ ಎಸ್‌ಎಚ್‌ಎ-1ರಲ್ಲಿ ಬೇರೆ ಬೇರೆ ಎರಡು ಫೈಲ್‌ಗಳಿಗೆ ಒಂದೇ ಗುರುತು ಬರುವಂತೆ ಮಾಡಬಹುದೆಂದು 2017ರಲ್ಲಿ ಮಾಡಿಯೇ ತೋರಿಸಿದ್ದಾರೆ.

ಈಗ ಕಾಲು ಸಿಕ್ಕಿಕೊಳ್ಳುವ ಜಾಗಗಳು.

ದೊಡ್ಡ ವಿಡಿಯೊ ಫೈಲನ್ನು ಒಂದೇ ಏಟಿಗೆ ಓದಿದರೆ ಮೆಮೊರಿ ತುಂಬಿ ಪ್ರೋಗ್ರಾಮ್ ಸಾಯುತ್ತದೆ. ಒಂದೊಂದು ಎಂಬಿ ಓದುತ್ತ ಹ್ಯಾಶ್‌ಗೆ ಸೇರಿಸುತ್ತ ಹೋಗಿ.

ಶೂನ್ಯ ಬೈಟ್‌ನ ಫೈಲ್‌ಗಳೆಲ್ಲದರ ಹ್ಯಾಶ್ ಒಂದೇ. ಬಿಡದಿದ್ದರೆ ಸಂಬಂಧವೇ ಇಲ್ಲದ ಫೈಲ್‌ಗಳೆಲ್ಲ ನಕಲು ಎಂದು ಒಂದೇ ಗುಂಪಿನಲ್ಲಿ ಬಂದು ಕೂರುತ್ತವೆ.

ಹಾರ್ಡ್ ಲಿಂಕ್ ಎಂದರೆ ಡಿಸ್ಕ್‌ನಲ್ಲಿರುವ ಒಂದೇ ಫೈಲ್‌ಗೆ ಎರಡು ಹೆಸರು. ಅದನ್ನು ನಕಲು ಎಂದು ತೋರಿಸಿ ಒಂದನ್ನು ಅಳಿಸಿದರೆ ಜಾಗವೇನೂ ಉಳಿಯುವುದಿಲ್ಲ. ಸಾಂಕೇತಿಕ ಲಿಂಕ್‌ಗಳದ್ದು (ಬೇರೆ ಫೈಲ್ ಅಥವಾ ಫೋಲ್ಡರ್ ಎಲ್ಲಿದೆ ಎಂದು ತೋರಿಸುವ ಫೈಲ್‌ಗಳು) ಇನ್ನೊಂದು ತಲೆನೋವು: ತನ್ನ ಮೇಲಿನ ಫೋಲ್ಡರ್‌ಗೇ ಬೊಟ್ಟು ಮಾಡುವ ಲಿಂಕ್ ಇದ್ದರೆ ಟೂಲ್ ಸುತ್ತುತ್ತಲೇ ಇರುತ್ತದೆ. ಮೊದಲ ಆವೃತ್ತಿಯಲ್ಲಿ ಅವನ್ನು ಹಿಂಬಾಲಿಸಲೇಬೇಡಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇದನ್ನು ಬಿಡಿಸಿಯೇ ಹೇಳಬೇಕು. "ಕೋ" ಅಕ್ಷರವನ್ನು ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಎರಡು ಸಂಕೇತಗಳಾಗಿ ಬರೆಯಬಹುದು: ಕ, ಅದರ ಮೇಲೆ ಓತ್ವ. ಅದೇ ಅಕ್ಷರವನ್ನು ಪೂರ್ತಿ ಬಿಡಿಸಿ ನಾಲ್ಕು ಸಂಕೇತಗಳಾಗಿಯೂ ಬರೆಯಬಹುದು: ಕ, ಎತ್ವ, ಊತ್ವ, ದೀರ್ಘ ಚಿಹ್ನೆ. ಪರದೆಯ ಮೇಲೆ ಎರಡೂ "ಕೋ" ಆಗಿಯೇ ಕಾಣುತ್ತವೆ, ಕೋಡ್‌ನಲ್ಲಿ ಹೋಲಿಸಿದರೆ ಎರಡೂ ಬೇರೆ. ಹಳೆಯ ಮ್ಯಾಕ್ ಯಂತ್ರಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ "ಕೋಣೆ" ಎಂಬ ಫೈಲನ್ನು ನೀವು ಕೀಬೋರ್ಡ್‌ನಲ್ಲಿ ಒತ್ತಿದ "ಕೋಣೆ"ಯಿಂದ ಹುಡುಕಿದರೆ ಸಿಗದೇ ಹೋಗುವುದು ಇದಕ್ಕೇ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತನ್ನಿ. ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ, ಎನ್‌ಎಫ್‌ಸಿ ಎಂಬ ರೂಪ ಸಾಮಾನ್ಯ ಬಳಕೆಗೆ ಸಾಕು. ಆದರೆ ಫೈಲ್ ತೆರೆಯುವಾಗ ಡಿಸ್ಕ್ ಕೊಟ್ಟ ಮೂಲ ಹೆಸರನ್ನೇ ಬಳಸಿ.

ಇನ್ನು ಅಳಿಸುವ ವಿಚಾರ. ನಮ್ಮ ರೀಡ್‌ಮಿ ಅಳಿಸುವುದಿಲ್ಲ ಎಂದಿದೆ, ಅದು ಸೋಮಾರಿತನದಿಂದ ಅಲ್ಲ. ಮುಂದೆ ಆ ಸೌಲಭ್ಯ ಸೇರಿಸಿದರೂ, ಏನೂ ಹೇಳದೆ ಓಡಿಸಿದಾಗ ಏನು ಮಾಡಲಿದೆ ಎಂದು ತೋರಿಸುವುದಷ್ಟೇ ಅದರ ಕೆಲಸವಾಗಿರಲಿ, ಬೇರೆ ಆಯ್ಕೆ ಕೊಟ್ಟಾಗ ಮಾತ್ರ ಕೈ ಹಾಕಲಿ. ಆಗಲೂ ಅಳಿಸದೆ ಬೇರೆ ಫೋಲ್ಡರ್‌ಗೆ ಸರಿಸಲಿ. ಇನ್ನೊಬ್ಬರ ಫೋಟೊಗಳನ್ನು ಮುಟ್ಟುವ ಕೋಡ್‌ಗೆ ಇಷ್ಟಾದರೂ ಅಂಜಿಕೆ ಬೇಕು.

7. ಟೆಸ್ಟ್: ನೋಯುವ ಕಡೆ ಮಾತ್ರ

ಟೆಸ್ಟ್ ಎಂದರೆ ನಿಮ್ಮ ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ತಾನೇ ನೋಡುವ ಇನ್ನೊಂದು ಕೋಡ್. ಸ್ವಂತ ಪ್ರಾಜೆಕ್ಟ್‌ನಲ್ಲಿ ಪ್ರತಿ ಸಾಲಿಗೂ ಟೆಸ್ಟ್ ಬೇಕೆಂದು ಕೂತರೆ ಬೇಸರ ಬರುತ್ತದೆ. ಒಂದನ್ನೂ ಬರೆಯದಿದ್ದರೆ ಎರಡು ತಿಂಗಳ ನಂತರ ಕೋಡ್ ಮುಟ್ಟಲು ಭಯವಾಗುತ್ತದೆ.

ನಮ್ಮದಕ್ಕೆ ಒಂದು ಒಳ್ಳೆಯ ಟೆಸ್ಟ್ ಹೀಗಿರುತ್ತದೆ. ತಾತ್ಕಾಲಿಕ ಫೋಲ್ಡರ್ ಒಂದರಲ್ಲಿ ಮೂರು ಫೈಲ್ ಮಾಡಿ. ಮೊದಲ ಎರಡರಲ್ಲಿ ಒಂದೇ ಪಠ್ಯ, ಹೆಸರು ಮಾತ್ರ ಬೇರೆ. ಮೂರನೆಯದರಲ್ಲಿ ಪಠ್ಯ ಬೇರೆ, ಆದರೆ ಗಾತ್ರ ಅಷ್ಟೇ. ಟೂಲ್ ಒಂದೇ ಗುಂಪು ತೋರಿಸಬೇಕು, ಅದರಲ್ಲಿ ಎರಡೇ ಫೈಲ್ ಇರಬೇಕು. ಗಾತ್ರ ನೋಡಿ ಸುಮ್ಮನಾಗುವ ಕೋಡ್ ಇಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯ ಫೈಲ್‌ನ ಗಾತ್ರ ಬೇರೆ ಇಟ್ಟಿದ್ದರೆ ಆ ಬಗ್ (ಕೋಡ್‌ನ ದೋಷ) ತಪ್ಪಿಸಿಕೊಂಡು ಟೆಸ್ಟ್ ಪಾಸಾಗುತ್ತಿತ್ತು. ಮುಂದೆ ಬಗ್ ಸಿಕ್ಕಾಗಲೆಲ್ಲ, ಸರಿಪಡಿಸುವ ಮೊದಲು ಅದನ್ನು ತೋರಿಸಿಕೊಡುವ ಟೆಸ್ಟ್ ಬರೆಯಿರಿ. ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ತಿದ್ದಿ.

ಹೋದ ತಿಂಗಳು ಸರಿಯಿತ್ತು, ಈಗ ಕೆಟ್ಟಿದೆ, ಯಾವಾಗ ಕೆಟ್ಟಿತೋ ಗೊತ್ತಿಲ್ಲ ಎಂಬ ಪರಿಸ್ಥಿತಿಗೆ ಗಿಟ್ ಬೈಸೆಕ್ಟ್ ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ಹೇಳಿದರೆ ನಡುವಿನದನ್ನು ತೆಗೆದುಕೊಡುತ್ತದೆ, ನೀವು ಓಡಿಸಿ ಸರಿಯೋ ತಪ್ಪೋ ಹೇಳುತ್ತ ಹೋಗುವುದು. 1,000 ಕಮಿಟ್‌ಗಳಿದ್ದರೂ ಸುಮಾರು 10 ಸಲಕ್ಕೆ ಕಳ್ಳ ಸಿಗುತ್ತಾನೆ. ಸಣ್ಣ ಸಣ್ಣ ಕಮಿಟ್ ಮಾಡಿ ಎಂದಿದ್ದರ ಲಾಭ ಆಗ ತಿಳಿಯುತ್ತದೆ.

8. ಬೇರೆಯವರ ಕೋಡ್, ಎಐ ಕೊಟ್ಟ ಕೋಡ್

ಡಿಪೆಂಡೆನ್ಸಿ ಎಂದರೆ ನಿಮ್ಮ ಪ್ರಾಜೆಕ್ಟ್ ನೆಚ್ಚಿಕೊಂಡಿರುವ ಬೇರೆಯವರ ಲೈಬ್ರರಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಸಿಗುವ ತಾಣ) ತೆಗೆದುಹಾಕಿದಾಗ ಜಗತ್ತಿನಾದ್ಯಂತ ಅದೆಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧಗೊಳಿಸುವ ಕೆಲಸ) ನಿಂತುಹೋಗಿತ್ತು. ಹತ್ತು ಸಾಲಿನಲ್ಲಿ ನೀವೇ ಬರೆಯಬಹುದಾದ್ದಕ್ಕೆ ಲೈಬ್ರರಿ ಬೇಡ. ಗುಪ್ತಲಿಪಿ, ದಿನಾಂಕ, ಚಿತ್ರ ಓದುವುದು ಇಂಥವನ್ನು ನೀವೇ ಬರೆಯಲು ಹೋಗಬೇಡಿ. ಬಳಸಿದ ಲೈಬ್ರರಿಗಳ ನಿಖರ ಆವೃತ್ತಿ ಹಿಡಿದಿಡುವ ಲಾಕ್ ಫೈಲನ್ನೂ ಕಮಿಟ್ ಮಾಡಿ.

ಎಐ ಸಹಾಯಕಗಳ ಬಗ್ಗೆ ನನ್ನ ನಿಯಮ ಒಂದೇ: ಸಾಲು ಸಾಲಾಗಿ ವಿವರಿಸಲು ಆಗದ ಕೋಡನ್ನು ಕಮಿಟ್ ಮಾಡುವುದಿಲ್ಲ. ಅವು ಇಲ್ಲದ ಲೈಬ್ರರಿಯ ಹೆಸರನ್ನು ಸಲೀಸಾಗಿ ಕಟ್ಟಿ ಹೇಳುವುದುಂಟು. ಅಂಥ ಹೆಸರಿನಲ್ಲೇ ಯಾರಾದರೂ ಕೆಡುಕಿನ ಕೋಡ್ ಏರಿಸಿಟ್ಟರೆ ಇನ್‌ಸ್ಟಾಲ್ ಮಾಡಿದವರ ಗತಿ ಕೇಳಬೇಡಿ. ಲೈಬ್ರರಿ ನಿಜವಾಗಿ ಇದೆಯೇ, ಯಾರದ್ದು ಎಂದು ನೋಡಿಯೇ ಮುಂದುವರಿಯಿರಿ.

9. ಏಳುವ ಮುನ್ನ ಒಂದು ಸಾಲು

ಗಂಟೆ ಮುಗಿಯಲು ಐದು ನಿಮಿಷ ಇರುವಾಗ ನಿಲ್ಲಿಸಿ, ಮುಂದಿನ ಸಲ ಮೊದಲು ಏನು ಮಾಡಬೇಕು ಎಂದು ಒಂದು ಸಾಲು ಬರೆದಿಡಿ. "ಹ್ಯಾಶ್ ಕೆಲಸ ಮುಂದುವರಿಸಬೇಕು" ಎಂದಲ್ಲ. "ಓದಲು ಅನುಮತಿ ಇಲ್ಲದ ಫೈಲ್ ಬಂದರೆ ನಿಲ್ಲುತ್ತಿದೆ, ಬಿಟ್ಟು ಮುಂದೆ ಹೋಗುವಂತೆ ಮಾಡು, ಕೊನೆಯಲ್ಲಿ ಅದರ ಹೆಸರು ತೋರಿಸು" ಎಂದು. ವಾರ ಬಿಟ್ಟು ಬಂದರೂ ನೇರ ಕೆಲಸಕ್ಕೆ ಇಳಿಯಬಹುದು.

10. ಹೊರಗೆ ಬಿಡುವುದು

ರೀಡ್‌ಮಿಯಲ್ಲಿ ಹೇಳಿದ್ದಷ್ಟನ್ನೂ ಟೂಲ್ ಮಾಡುತ್ತಿದ್ದರೆ ಅದು ಸಿದ್ಧ. ಕೋಡ್ ಚಂದ ಕಾಣುತ್ತಿಲ್ಲ ಎಂಬುದು ತಡೆಯುವ ಕಾರಣವಲ್ಲ. ಬಿಡುವ ಮೊದಲು ಹೊಸ ಫೋಲ್ಡರ್‌ಗೆ, ಸಾಧ್ಯವಾದರೆ ಬೇರೆ ಯಂತ್ರಕ್ಕೇ, ರೆಪೊ ಇಳಿಸಿಕೊಂಡು ನಿಮ್ಮ ರೀಡ್‌ಮಿಯಲ್ಲಿ ಬರೆದಷ್ಟನ್ನೇ ಮಾಡಿ ನೋಡಿ. "ನನ್ನ ಯಂತ್ರದಲ್ಲಿ ಓಡುತ್ತದೆ" ಎಂಬ ಜಗಳ ಅಲ್ಲೇ ಮುಗಿಯುತ್ತದೆ.

ಲೈಸೆನ್ಸ್ ಫೈಲ್ ಮರೆಯಬೇಡಿ. ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ಬಳಸಲು ಅನುಮತಿ ಕೊಟ್ಟಂತಲ್ಲ, ಲೈಸೆನ್ಸ್ ಇಲ್ಲದಿದ್ದರೆ ಹಕ್ಕುಗಳೆಲ್ಲ ನಿಮ್ಮಲ್ಲೇ ಉಳಿದ ಹಾಗೆ. ನಿಮ್ಮ ಹಕ್ಕುಸ್ವಾಮ್ಯದ ಸಾಲು ಉಳಿಸಿಕೊಂಡು ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದಿದ್ದರೆ ಎಂಐಟಿ ಲೈಸೆನ್ಸ್. ತಿದ್ದಿ ಹಂಚುವವರು ತಮ್ಮ ಕೋಡನ್ನೂ ಇದೇ ಷರತ್ತಿನಲ್ಲಿ ಕೊಡಬೇಕು ಎಂದಿದ್ದರೆ ಜಿಪಿಎಲ್. ಸ್ವಂತವಾಗಿ ಲೈಸೆನ್ಸ್ ಬರೆಯಲು ಹೋಗಬೇಡಿ.

ಆವೃತ್ತಿ ಸಂಖ್ಯೆ 0.1.0 ಎಂದಿರಲಿ. ಮೂರು ಅಂಕಿಗಳ ಈ ಪದ್ಧತಿಯಲ್ಲಿ ಕೊನೆಯದು ಬಗ್ ತಿದ್ದಿದಾಗ, ನಡುವಿನದು ಹಳೆಯದನ್ನು ಕೆಡಿಸದೆ ಹೊಸದು ಸೇರಿಸಿದಾಗ, ಮೊದಲನೆಯದು ಹಳೆಯ ಬಳಕೆ ಮುರಿದಾಗ ಏರುತ್ತದೆ. ಸೊನ್ನೆಯಿಂದ ಶುರುವಾದರೆ ಇನ್ನೂ ಏನು ಬೇಕಾದರೂ ಬದಲಾಗಬಹುದು ಎಂದರ್ಥ.

11. ಬಿಟ್ಟ ಮೇಲೆ

ಯಾರೂ ಬಳಸದೇ ಇರಬಹುದು. ನೀವು ಬಳಸುತ್ತಿದ್ದೀರಲ್ಲ, ಈ ಪ್ರಾಜೆಕ್ಟ್ ಹುಟ್ಟಿದ್ದೇ ಅದಕ್ಕೆ. ಯಾರಾದರೂ ಬಂದು "ಇದೂ ಸೇರಿಸಿ" ಎಂದರೆ "ಇದು ಮಾಡದೇ ಇರುವುದು" ಪಟ್ಟಿ ತೋರಿಸಿ ಮರ್ಯಾದೆಯಿಂದ ಬೇಡ ಎನ್ನಬಹುದು. ಬಗ್ ವರದಿ ಬಂದರೆ ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನು ಟೈಪ್ ಮಾಡಿದರು, ಏನು ಬಂತು ಎಂದು ಕೇಳಿ. ಈ ನಾಲ್ಕು ಸಿಗುವವರೆಗೆ ಊಹೆಯಲ್ಲಿ ಕೋಡ್ ತಿದ್ದಬೇಡಿ.

ಮುಂದೆಂದಾದರೂ ಆಸಕ್ತಿ ಹೋದರೆ ಸುಮ್ಮನೆ ಮಾಯವಾಗಬೇಡಿ. ರೀಡ್‌ಮಿಯ ಮೇಲ್ಭಾಗದಲ್ಲಿ "ಇದನ್ನು ಈಗ ನೋಡಿಕೊಳ್ಳುತ್ತಿಲ್ಲ" ಎಂದು ಬರೆಯಿರಿ, ಯಾವ ಭಾಷೆಯ ಯಾವ ಆವೃತ್ತಿಯ ಜೊತೆ ಕೊನೆಯದಾಗಿ ಓಡಿತ್ತು ಎಂದೂ ಸೇರಿಸಿ. ಗಿಟ್‌ಹಬ್‌ನಲ್ಲಿ ರೆಪೊ ಸೆಟ್ಟಿಂಗ್ಸ್‌ನ ಕೆಳಗಡೆ ಆರ್ಕೈವ್ ಮಾಡುವ ಆಯ್ಕೆ ಇದೆ. ಒತ್ತಿದರೆ ಎಲ್ಲರಿಗೂ ಓದಲು ಮಾತ್ರ ಸಿಗುತ್ತದೆ, ಮನಸ್ಸು ಬದಲಾದರೆ ಅಲ್ಲಿಂದಲೇ ವಾಪಸ್ ತೆರೆಯಬಹುದು.